ಮೂತಿ ಅಧ್ಯಕ್ಷರ ಕಡೆಗೆ

ಅಳಿಯನಿಗೆ ಮಾವ ಎಂದರೆ ಭಯ ಎಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ಭಯ ಇಡೀ ಕ್ಲಬ್ಬಿಗೇ ಇತ್ತು. ಅದರಲ್ಲಿ ಅಳಿಯನ ಪಾಲು ಸ್ವಲ್ಪ ದೊಡ್ಡದು, ಅಷ್ಟೆ. ಮಾವ ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿಯವರ ನಿದ್ದೆ ಕೆಡಿಸಿ ನಿವೃತ್ತರಾದ ಮೇಲೆ, ಸುಮ್ಮನೆ ಕೂರಲಾರದೆ, ಮಾದರಿ ವಿಮಾನ ಹಾರಿಸುವವರ ಕ್ಲಬ್ಬಿಗೆ ಅಧ್ಯಕ್ಷರಾದರು. ಹನ್ನೊಂದು ವರ್ಷದಿಂದ ಅವರೇ ಅಧ್ಯಕ್ಷರು. ಚುನಾವಣೆ ವರ್ಷ ವರ್ಷವೂ ನಡೆಯುತ್ತದೆ. ಎದುರು ನಿಲ್ಲುವ ಧೈರ್ಯ ಮಾತ್ರ ಇನ್ನೂ ಯಾರಿಗೂ ಬಂದಿಲ್ಲ.

ಕ್ಲಬ್ಬಿನ ಮೈದಾನ ಇರುವುದು ಊರ ಹೊರಗೆ, ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದೆ. ಅಲ್ಲೊಂದು ದೊಡ್ಡ ಕೊಡೆ, ಕೊಡೆಯ ಕೆಳಗೆ ಮೇಜು, ಮೇಜಿನ ಮೇಲೆ ರಿಜಿಸ್ಟರು, ರಿಜಿಸ್ಟರಿನ ಮೇಲೆ ಕೆಂಪು ಪೆನ್ನು. ಯಾವ ವಿಮಾನವೇ ಆಗಲಿ, ಹಾರುವ ಮುಂಚೆ ಆ ಮೇಜಿನ ಮುಂದೆ ತಪಾಸಣೆಯಾಗಬೇಕು. ನಿಯಮಾವಳಿಯ ಏಳನೆಯ ನಿಯಮ ಮಾವ ಸ್ವಂತ ಕೈಯಲ್ಲಿ ಬರೆದದ್ದು: ಅಧ್ಯಕ್ಷರ ಮೇಜಿಗೆ ಬೆನ್ನು ತೋರಿಸಿ ಯಾರೂ ನಿಲ್ಲಕೂಡದು, ವಿಮಾನವೂ ನಿಲ್ಲಕೂಡದು. ಹಾಗಾಗಿ ವಿಮಾನದ ಮೂತಿ ಅಧ್ಯಕ್ಷರ ಕಡೆಗೆ, ಬಾಲ ಹಾರಿಸುವವನ ಕಡೆಗೆ.

ಎಡವಟ್ಟು ಇದ್ದದ್ದೇ ಇಲ್ಲಿ.

ವಿಮಾನದ ಎರಡೂ ರೆಕ್ಕೆಗಳ ಹಿಂದಿನ ಅಂಚಿನಲ್ಲಿ ಅಲ್ಲಾಡುವ ಪಟ್ಟಿಗಳಿರುತ್ತವೆ. ಕೈಯಲ್ಲಿರುವ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು, ಎಡದ್ದು ಇಳಿಯಬೇಕು. ಆಗ ವಿಮಾನ ಬಲಕ್ಕೆ ವಾಲುತ್ತದೆ. ಮಾವ ಮೂತಿಯ ಮುಂದೆ ನಿಂತು, ಹಳೆಯ ಇಲಾಖೆಯ ದನಿಯಲ್ಲಿ "ಬಲ!" ಎನ್ನುತ್ತಿದ್ದರು. ಹಾರಿಸುವವನು ಬಾಲದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ಒತ್ತುತ್ತಿದ್ದ. ಮಾವ ತಮ್ಮ ಬಲಗಡೆ ಕಾಣುವ ರೆಕ್ಕೆಯನ್ನು ನೋಡುತ್ತಿದ್ದರು. ಅದು ವಿಮಾನದ ಎಡ ರೆಕ್ಕೆ. ಅದರ ಪಟ್ಟಿ ನ್ಯಾಯವಾಗಿ ಕೆಳಗಿಳಿದಿರುತ್ತಿತ್ತು. "ಉಲ್ಟಾ! ಸರಿ ಮಾಡ್ಕೊಳ್ಳಿ," ಎಂದು ಮಾವ ಕೆಂಪು ಪೆನ್ನು ಎತ್ತುತ್ತಿದ್ದರು. ಬಾಲದಲ್ಲೂ ಒಂದು ಪಟ್ಟಿ ಇರುತ್ತದೆ, ನಿಜ. ಆದರೆ ಮೂತಿಯ ಮುಂದೆ ನಿಂತವರಿಗೆ ಅದು ಸರಿಯಾಗಿ ಕಾಣುವುದಿಲ್ಲ. ವಿಮಾನಗಳ ಪುಣ್ಯ.

ರಿಮೋಟಿನ ಬೆನ್ನಿಗೆ ಒಂದು ಪುಟ್ಟ ಮುಚ್ಚಳ. ಅದರೊಳಗೆ ಸಾಲಾಗಿ ಸಣ್ಣ ಸ್ವಿಚ್ಚುಗಳು. ಉಗುರಿನಿಂದ ಒಂದನ್ನು ಆ ಕಡೆ ತಳ್ಳಿದರೆ ಬಲವೆಲ್ಲ ಎಡ, ಎಡವೆಲ್ಲ ಬಲ. ಹಾರಿಸುವವನು ಮಾತಾಡದೆ ಸ್ವಿಚ್ಚು ತಳ್ಳುತ್ತಿದ್ದ, ಸರಿಯಿದ್ದದ್ದು ಉಲ್ಟಾ ಆಗುತ್ತಿತ್ತು, ಮಾವ ತೃಪ್ತಿಯಿಂದ ಸಹಿ ಹಾಕುತ್ತಿದ್ದರು. ಆಮೇಲೆ ಹಾರಿಸುವವನು ವಿಮಾನ ಎತ್ತಿಕೊಂಡು, ಮೈದಾನದ ಮೂಲೆಯಲ್ಲಿದ್ದ ತುಕ್ಕು ಹಿಡಿದ ನೀರಿನ ಟ್ಯಾಂಕಿನ ಹಿಂದೆ ಹೋಗಿ, ಮುಚ್ಚಳ ತೆಗೆದು, ಸ್ವಿಚ್ಚನ್ನು ಮೊದಲಿದ್ದ ಕಡೆಗೇ ತಳ್ಳಿ ಬರುತ್ತಿದ್ದ. ಕ್ಲಬ್ಬಿನ ಮೂವತ್ತೆರಡು ಸದಸ್ಯರೂ ಹೀಗೆಯೇ ಹಾರಿಸುತ್ತಿದ್ದರು. ಮಾವನ ಕಣ್ಣಿಗೆ ಇದು ಬೀಳದೆ ಇರಲಿಲ್ಲ. "ಹಾರಿಸೋ ಮುಂಚೆ ಎಲ್ರಿಗೂ ಒಂದ್ಸಲ ಹೋಗ್ಬರ್ಬೇಕು ಅನ್ಸತ್ತೆ. ಹೆದರಿಕೆ, ಪಾಪ. ಅದ್ರಲ್ಲಿ ನಾಚ್ಕೊಳ್ಳೋಂಥದ್ದೇನಿಲ್ಲ," ಎಂದು ಅವರು ಉದಾರವಾಗಿ ಹೇಳುತ್ತಿದ್ದರು.

ಅಳಿಯ ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಎದುರು ಕೂತವರ ಬಲ ದವಡೆ ತನ್ನ ಎಡಕ್ಕಿರುತ್ತದೆ ಎಂಬುದು ಅವನ ಕಸುಬಿನ ಮೊದಲ ಪಾಠ. ಅದನ್ನು ಕಲಿಯದವನು ಚೆನ್ನಾಗಿರುವ ಹಲ್ಲನ್ನು ಕೀಳುತ್ತಾನೆ. ಕ್ಲಬ್ಬಿಗೆ ಸೇರಿದ ಮೊದಲ ದಿನವೇ ಮಾವನ ತಪ್ಪು ಅವನ ಕಣ್ಣಿಗೆ ರಾಚಿತು. ಹೇಳಲು ಬಾಯಿ ತೆರೆದವನ ತೋಳನ್ನು ಟೈಲರಮ್ಮ ಮೆತ್ತಗೆ ಹಿಡಿದೆಳೆದರು. ಟೈಲರಮ್ಮ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾರಿಸುವವರು. ರೆಕ್ಕೆಗಳಿಗೆ ಹಾಳೆ ಹೊದಿಸಿ ಸುಕ್ಕಿಲ್ಲದಂತೆ ಇಸ್ತ್ರಿ ಮಾಡಿಕೊಡುವವರೂ ಅವರೇ.

"ಡಾಕ್ಟ್ರೇ, ಹೊಸಬ್ರು ನೀವು. ಟ್ಯಾಂಕಿನ ಹಿಂದೆ ಹೋಗ್ಬನ್ನಿ, ಎಲ್ಲಾ ಸರಿ ಹೋಗತ್ತೆ."

"ಅಲ್ಲಮ್ಮಾ, ಒಂದ್ಮಾತು ಹೇಳಿದ್ರೆ ಮುಗಿದೇ ಹೋಯ್ತಲ್ಲ?"

"ಹೇಳಿ. ನಿಮ್ಮ ಮಾವ ತಾನೇ?"

ಅಳಿಯ ಟ್ಯಾಂಕಿನ ಹಿಂದೆ ಹೋಗಿಬಂದ. ದಿನವಿಡೀ ಊರಿನವರಿಗೆಲ್ಲ ಬಾಯಿ ಬಿಡಿ, ಇನ್ನೂ ಅಗಲವಾಗಿ ಬಿಡಿ ಎನ್ನುವ ಮನುಷ್ಯ, ತನ್ನ ಬಾಯಿಯನ್ನು ನಾಲ್ಕು ವರ್ಷ ಮುಚ್ಚಿಟ್ಟುಕೊಂಡ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಅಧ್ಯಕ್ಷರಿಗೆ ತಾವೂ ಹಾರಿಸಬೇಕು ಅನ್ನಿಸಿಬಿಟ್ಟಿತು. ಹನ್ನೊಂದು ವರ್ಷ ಬರೀ ತಪಾಸಣೆ ಮಾಡಿದವರು, ಯಾರಿಗೂ ಹೇಳದೆ ಮಹಡಿಯ ಕೋಣೆಯಲ್ಲಿ ಮೂರು ವರ್ಷ ಕೂತು ಎರಡು ಮೀಟರ್ ರೆಕ್ಕೆಯ ಒಂದು ವಿಮಾನ ಕಟ್ಟಿದ್ದರು. ಆರು ತಿಂಗಳು ಕಂಪ್ಯೂಟರಿನಲ್ಲಿ ಹಾರಿಸುವ ಅಭ್ಯಾಸವನ್ನೂ ಮಾಡಿದ್ದರು. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಹಾರಿಸುತ್ತೇನೆ ಎಂದು ಘೋಷಿಸಿದರು. ಅಳಿಯ ಮನೆಗೆ ಬಂದವನೇ ಹೆಂಡತಿಗೆ ಹೇಳಿದ.

"ಅಪ್ಪ ಟ್ಯಾಂಕಿನ ಹಿಂದೆ ಹೋಗ್ತಾರೇನ್ರೀ?" ಎಂದು ಹೆಂಡತಿ ಕೇಳಿದಳು. ವಿಷಯವೆಲ್ಲ ಅವಳಿಗೆ ಗೊತ್ತಿತ್ತು. ಮುಚ್ಚಳ ತೆಗೆದು ಸ್ವಿಚ್ಚನ್ನೂ ತೋರಿಸಿದ್ದ.

"ಅವರ್ಯಾಕೆ ಹೋಗ್ತಾರೆ? ಅವರಿಗೆ ಹೆದರಿಕೇನೇ ಇಲ್ವಲ್ಲ."

"ಹಾಗಾದ್ರೆ ಹೇಳಿಬಿಡಿ."

"ನೀನೇ ಹೇಳು. ನಿಮ್ಮಪ್ಪ."

"ನಾನ್ ಹೇಳಿದ್ರೆ, ಗಂಡ ಕಿವಿ ಊದಿದಾನೆ ಅಂತಾರೆ. ಸುಮ್ನಿರಿ. ಏನಾದ್ರೂ ಉಪಾಯ ಮಾಡಿ, ಅವರ ಮರ್ಯಾದೆ ಹೋಗ್ಬಾರ್ದು."

ವಾರ್ಷಿಕೋತ್ಸವದ ದಿನ ಮಾವ ತಮ್ಮ ವಿಮಾನವನ್ನು ತಾವೇ ತಪಾಸಣೆ ಮಾಡಿದರು. ಮೂತಿ ಮೇಜಿನ ಕಡೆಗೆ. ಎರಡು ಬೆರಳ ಮೇಲೆ ರೆಕ್ಕೆ ಎತ್ತಿ ತೂಕ ನೋಡಿದರು. ಗುಲಗಂಜಿಯಷ್ಟೂ ಆಚೀಚೆ ಇರಲಿಲ್ಲ. ಬ್ಯಾಟರಿ ಅಳೆದರು, ತಿರುಪುಗಳನ್ನೆಲ್ಲ ಮುಟ್ಟಿ ನೋಡಿದರು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಅಳಿಯ ಆವರೆಗೆ ಕಂಡಿರಲಿಲ್ಲ, ಅವನಿಗೆ ಹೊಟ್ಟೆ ಉರಿಯಿತು ಕೂಡ. ರಿಮೋಟು ಹಿಡಿಯುವ ಗೌರವ ಅವನಿಗೇ ಸಿಕ್ಕಿತ್ತು. "ಬಲ!" ಎಂದರು ಮಾವ. ಅಳಿಯ ಒತ್ತಿದ. "ಉಲ್ಟಾ! ನೋಡಿ, ನಂದೇ ಆದ್ರೂ ನಾನ್ ಬಿಡಲ್ಲ," ಎಂದು ಸಭೆಯ ಕಡೆ ತಿರುಗಿ ನಕ್ಕರು. ಸಭೆ ಚಪ್ಪಾಳೆ ತಟ್ಟಿತು. ಅಳಿಯ ಸ್ವಿಚ್ಚು ತಳ್ಳಿದ, ಮಾವ ಸಹಿ ಹಾಕಿದರು.

ಅವರು ಟೋಪಿ ಹುಡುಕಿಕೊಂಡು ಆ ಕಡೆ ಹೋದದ್ದೇ ತಡ, ಅಳಿಯ ಬೆನ್ನು ಬಗ್ಗಿಸಿ, ಮುಚ್ಚಳ ತೆಗೆದು, ಸ್ವಿಚ್ಚನ್ನು ಮತ್ತೆ ಸರಿಯಾದ ಕಡೆಗೆ ತಳ್ಳಿ, ರಿಮೋಟನ್ನು ಮೇಜಿನ ಮೇಲಿಟ್ಟು, ಬೆವರು ಒರೆಸಿಕೊಂಡ. ದೊಡ್ಡ ಗಂಡಾಂತರ ಕಳೆಯಿತು ಎಂದು ಹಗುರಾಗಿ ನೀರು ಕುಡಿಯಲು ಹೋದ.

ಮಗಳು ತಂದುಕೊಟ್ಟ ರಿಮೋಟನ್ನು ಮಾವ ಕೊರಳಿಗೆ ಹಾಕಿಕೊಂಡರು. ವಿಮಾನ ಹುಲ್ಲಿನ ಮೇಲೆ ನೆಟ್ಟಗೆ ಓಡಿ, ಸಲೀಸಾಗಿ ಮೇಲೆದ್ದಿತು. "ಆಹಾ!" ಎಂದರು ಎಲ್ಲರೂ. ಮಾವ ಕಡ್ಡಿಯನ್ನು ಎಡಕ್ಕೆ ಒತ್ತಿದರು. ವಿಮಾನ ಬಲಕ್ಕೆ ವಾಲಿತು. ಅವರು ಇನ್ನಷ್ಟು ಎಡಕ್ಕೆ ಒತ್ತಿದರು, ಅದು ಇನ್ನಷ್ಟು ಬಲಕ್ಕೆ ವಾಲಿ, ಹೊಟ್ಟೆ ಮೇಲಾಗಿ, ಕಾರ್ಖಾನೆಯ ಗೋಡೆಯ ಬುಡಕ್ಕೆ ಹೋಗಿ ಬಿದ್ದಿತು. ಮೂರು ವರ್ಷದ ಕೆಲಸ ಮುಗಿಯಲು ಒಂಬತ್ತು ಸೆಕೆಂಡು ಸಾಕಾಯಿತು.

ಅಳಿಯನಿಗೆ ಏನೂ ಅರ್ಥವಾಗಲಿಲ್ಲ. ತಾನು ತಳ್ಳಿದ್ದು ಬೇರೆ ಸ್ವಿಚ್ಚೇನೋ ಎಂದು ಅನುಮಾನ ಬಂತು. ಮಾವ ಮಾತ್ರ ಶಾಂತವಾಗಿ ರಿಮೋಟಿನ ಮುಚ್ಚಳ ತೆಗೆದು ಎಲ್ಲರಿಗೂ ತೋರಿಸಿದರು. ಸ್ವಿಚ್ಚು ತಪಾಸಣೆಯಲ್ಲಿ ಅವರು ಒಪ್ಪಿದ್ದ ಕಡೆಗೇ ಇತ್ತು!

"ನೋಡಿ. ಸೆಟಿಂಗ್ ನಾನ್ ಪಾಸ್ ಮಾಡಿದ ಹಾಗೇ ಇದೆ, ಕೂದಲೆಳೆಯಷ್ಟೂ ಬದಲಾಗಿಲ್ಲ. ಇದು ಗಾಳಿ. ಆದ್ರೂ ನಾಳೆ ಯಾರೂ ಸೆಟಿಂಗ್ ಬದಲಾಗಿತ್ತು ಅಂತ ಒಂದು ಮಾತು ಆಡ್ಬಾರ್ದು. ಮುಂದಿನ ಭಾನುವಾರದಿಂದ ತಪಾಸಣೆ ಆದ ತಕ್ಷಣ ಮುಚ್ಚಳಕ್ಕೆ ಕಾಗದ ಅಂಟಿಸಿ ಸೀಲ್ ಹಾಕ್ತೀನಿ. ಹಾರಿ ಇಳಿಯೋವರೆಗೂ ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಮೊದಲು ನಮ್ಮ ಅಳಿಯಂದೇ ಆಗ್ಲಿ."

ಗಾಳಿ ಎಲ್ಲಿತ್ತು? ಕೊಡೆಯ ಜಾಲರಿಯೂ ಅಲ್ಲಾಡುತ್ತಿರಲಿಲ್ಲ. ಮೂವತ್ತೆರಡು ಜನ ತಲೆಯಾಡಿಸಿ, ಹೌದು, ಗಾಳಿ ಎಂದರು.

ಅಳಿಯನ ಹೊಸ ವಿಮಾನ ಮನೆಯ ಊಟದ ಮೇಜಿನ ಮೇಲಿತ್ತು. ಹಳದಿ ಬಣ್ಣದ್ದು. ಒಂದು ವರ್ಷ, ಸಂಜೆ ಕ್ಲಿನಿಕ್ ಮುಚ್ಚಿಬಂದು, ಹಲ್ಲು ಕೊರೆಯುವ ಸಣ್ಣ ಯಂತ್ರದಿಂದಲೇ ಹಗುರವಾದ ಬಾಲ್ಸಾ ಮರದ ರೆಕ್ಕೆಯ ಪಕ್ಕೆಲುಬುಗಳನ್ನು ನಯಮಾಡಿ ಕಟ್ಟಿದ್ದು. ಆ ವರ್ಷವೆಲ್ಲ ಮನೆಯವರು ಊಟ ಮಾಡಿದ್ದು ಅಡುಗೆಮನೆಯಲ್ಲಿ ನಿಂತುಕೊಂಡು. ಆ ವಾರ ಅಳಿಯ ಬಂದವರ ಬಾಯಿಯೊಳಗೆ ಬರೀ ಗೋಡೆಯ ಬುಡದ ಚೂರುಗಳನ್ನೇ ಕಂಡ. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಕ್ಲಬ್ಬಿನ ಕಾರ್ಯದರ್ಶಿ ಫೋನ್ ಮಾಡಿ ಸಲಹೆ ಕೊಟ್ಟರು: "ಕೈಯನ್ನೇ ಉಲ್ಟಾ ಅಭ್ಯಾಸ ಮಾಡ್ಕೊಳ್ಳಿ ಡಾಕ್ಟ್ರೇ. ನಾವೆಲ್ಲ ಶುರು ಹಚ್ಕೊಂಡಿದೀವಿ. ಕಷ್ಟ ಇಲ್ಲ, ಒಂದು ವರ್ಷದಲ್ಲಿ ಬಂದ್ಬಿಡತ್ತೆ."

ಭಾನುವಾರ ಬಂತು. ಹಳದಿ ವಿಮಾನದ ಮೂತಿ ಅಧ್ಯಕ್ಷರ ಕಡೆಗೆ ನಿಂತಿತು. "ಬಲ!" "ಉಲ್ಟಾ!" ಅಳಿಯ ಸ್ವಿಚ್ಚು ತಳ್ಳಿದ. ಮಾವ ಕಾಗದದ ಪಟ್ಟಿಗೆ ಗೋಂದು ಹಚ್ಚಿ ಮುಚ್ಚಳದ ಮೇಲೆ ಅಂಟಿಸಿ, ಅಡ್ಡಲಾಗಿ ಸಹಿ ಹಾಕಿ, ಸೀಲನ್ನು ಧಡ್ ಎಂದು ಒತ್ತಿದರು. ಟೈಲರಮ್ಮ ಕಣ್ಣು ಮುಚ್ಚಿಕೊಂಡರು. ತಾವೇ ಇಸ್ತ್ರಿ ಮಾಡಿಕೊಟ್ಟ ರೆಕ್ಕೆಯದು.

ಅಳಿಯ ವಿಮಾನವನ್ನೆತ್ತಲು ಬಗ್ಗಿದ. ಕೈ ಮುಂದೆ ಹೋಗಲಿಲ್ಲ. ಹೆದರಿಕೆ ಹೋಗಿರಲಿಲ್ಲ; ಆದರೆ ಅದಕ್ಕಿಂತ ದೊಡ್ಡದಾಗಿ ಸಿಟ್ಟು ಬಂದಿತ್ತು, ಅದೂ ಮಾವನ ಮೇಲಲ್ಲ, ತನ್ನ ಮೇಲೆಯೇ. ನೆಟ್ಟಗೆ ನಿಂತ.

"ಮಾವ, ಒಂದ್ಸಲ ಈ ಕಡೆ ಬನ್ನಿ."

"ಯಾಕೆ?"

"ನನ್ನ ಪಕ್ಕ ನಿಂತು ನೋಡಿ. ದಯವಿಟ್ಟು."

ಮಾವ ಹುಬ್ಬು ಗಂಟಿಕ್ಕಿಕೊಂಡು ಮೇಜನ್ನು ಬಳಸಿ ಬಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಪಾಸಣೆಗೆ ಒಂದು ವಿಮಾನದ ಬಾಲದ ಹಿಂದೆ ನಿಂತರು. ಅಳಿಯ ಕಡ್ಡಿಯನ್ನು ಬಲಕ್ಕೆ ಒತ್ತಿದ. ಬಲ ರೆಕ್ಕೆಯ ಪಟ್ಟಿ ಕೆಳಗಿಳಿಯಿತು. ಮಾವ ತಮ್ಮ ಬಲಗೈಯನ್ನು ಆ ರೆಕ್ಕೆಯ ಕಡೆ ಚಾಚಿದರು. ಹಾಗೇ ಕೈ ಇಳಿಸಿ, ನಡೆದು, ಮೂತಿಯ ಮುಂದೆ ನಿಂತು, ಮತ್ತೆ ಬಲಗೈ ಚಾಚಿದರು. ಅದು ಇನ್ನೊಂದು ರೆಕ್ಕೆಯನ್ನು ತೋರಿಸುತ್ತಿತ್ತು. ಅವರು ಇನ್ನೊಂದು ಸಲ ಹಿಂದೆ ಬಂದರು, ಇನ್ನೊಂದು ಸಲ ಮುಂದೆ ಹೋದರು. ತಕ್ಕಡಿಯ ಮೋಸಗಳನ್ನೆಲ್ಲ ಕಂಡವರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಲಿಲ್ಲ.

ತಾವೇ ಹಾಕಿದ ಸೀಲನ್ನು ಉಗುರಿನಿಂದ ಕಿತ್ತರು. ಸ್ವಿಚ್ಚು ತಳ್ಳಿದರು. "ಹಾರ್ಸು," ಎಂದರು.

ಹಳದಿ ವಿಮಾನ ಎದ್ದಿತು. ಎಡ ಎಂದರೆ ಎಡಕ್ಕೆ, ಬಲ ಎಂದರೆ ಬಲಕ್ಕೆ ಹೋಯಿತು. ಆರು ಸುತ್ತು ಹಾಕಿ, ಹುಲ್ಲಿನ ಮೇಲೆ ಕುಪ್ಪಳಿಸದೆ ಇಳಿಯಿತು. ಅಳಿಯನ ಕಣ್ಣು ತುಂಬಿಬಂತು. ಇಷ್ಟು ಸುಲಭವಾಗಿತ್ತಲ್ಲ ಎಂದು ನಾಚಿಕೆಯೂ ಆಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅಧ್ಯಕ್ಷರನ್ನೇ ನೋಡುತ್ತಿದ್ದರು.

ಅವರು ಮೇಜಿನ ಅಂಚಿಗೆ ಒರಗಿ ನಿಂತಿದ್ದರು. "ಎಲ್ರಿಗೂ ಗೊತ್ತಿತ್ತು," ಎಂದರು. ಅದು ಪ್ರಶ್ನೆಯಾಗಿರಲಿಲ್ಲ. "ಹಾಗಾದ್ರೆ ನನ್ನದು? ನನ್ನದನ್ನ ಹಾಗೇ ಬೀಳೋಕೆ ಬಿಟ್ರಾ?"

"ಇಲ್ಲ ಮಾವ," ಎಂದ ಅಳಿಯ. "ನೀವು ಟೋಪಿ ತರೋಕೆ ಹೋದಾಗ ನಾನು ಸ್ವಿಚ್ಚು ಸರಿ ಮಾಡಿಟ್ಟಿದ್ದೆ. ಆಣೆ ಮಾಡಿ ಹೇಳ್ತೀನಿ."

ಟೈಲರಮ್ಮ ಕೆಮ್ಮಿದರು. "ನಾನೂ ಮಾಡಿದ್ದೆ ಸರ್. ರಿಮೋಟಿಗೆ ಕುತ್ತಿಗೆ ಪಟ್ಟಿ ಕಟ್ಟುವಾಗ. ಡಾಕ್ಟ್ರು ಮುಟ್ಟಿದ್ದು ನಂಗೊತ್ತಿರ್ಲಿಲ್ಲ."

"ಧೂಳು ಒರೆಸೋ ನೆಪದಲ್ಲಿ ನಾನೂ ಒಂದ್ಸಲ," ಎಂದರು ಕಾರ್ಯದರ್ಶಿ, ತಲೆ ಎತ್ತದೆ.

ಆಮೇಲೆ ಹಿಂದಿನಿಂದ ಮಗಳ ದನಿ ಬಂತು. "ಅಪ್ಪಾ, ನಿನ್ನ ಕೈಗೆ ಕೊಡೋ ಮುಂಚೆ ನಾನೂ ತಳ್ಳಿದ್ದೆ. ಇವರು ಮರೆತಿರ್ತಾರೆ ಅಂದ್ಕೊಂಡೆ."

ಮಾವ ಬೆರಳು ಮಡಿಸಿ ಎಣಿಸಿದರು. ಸರಿ, ಉಲ್ಟಾ, ಸರಿ, ಉಲ್ಟಾ. ನಾಲ್ಕನೆಯ ಬೆರಳಿನ ಹತ್ತಿರ ಬಹಳ ಹೊತ್ತು ನಿಂತರು.

"ಇನ್ನೊಬ್ರು ಯಾರಾದ್ರೂ ನನ್ನ ಮರ್ಯಾದೆ ಉಳಿಸೋಕೆ ಬಂದಿದ್ರೆ," ಎಂದರು, "ಹಾರ್ತಿತ್ತಲ್ರೋ ಅದು."