ಹದಿನೇಳು ಅಂಕದ ಕುರಿಗಳು

ಕೊಲ್ಹಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ನಿಂತೇ ಬಂದ ಉಜ್ವಲಾ ಗಡಹಿಂಗ್ಲಜದ ಮನೆ ಸೇರುವ ಹೊತ್ತಿಗೆ ಅವಳ ಕಾಲುಗಳು ಮರಗಟ್ಟಿದ್ದವು. ಚೀಲದಲ್ಲಿ ಸಂಜೆ ಕಾಲೇಜಿನ ಹನ್ನೊಂದು ವಿದ್ಯಾರ್ಥಿಗಳ ಅಂಕಪಟ್ಟಿ ಇತ್ತು. ಥ್ರಿಲ್ಲರ್ ಸಿನಿಮಾ ಒಂದರ ಮೊದಲ ಎರಡು ನಿಮಿಷ ಮಾತ್ರ ಚಿತ್ರೀಕರಿಸಿ ಕೊಡುವುದು ಅವರ ಪರೀಕ್ಷೆ. ಹತ್ತು ಜನ ಕೊಟ್ಟದ್ದು ಒಂದೇ: ಕತ್ತಲ ಓಣಿ, ಬೂಟಿನ ಸಪ್ಪಳ, ಚಾಕು. ಅವರೆಲ್ಲ ಪಾಸು. ಹನ್ನೊಂದನೆಯವನು ಕಾಡಸಿದ್ದ, ಹಗಲು ಶಿರೋಳಿಯ ಫೌಂಡ್ರಿಯಲ್ಲಿ ದುಡಿದು ಸಂಜೆ ಕಲಿಯಲು ಬರುವವನು. ಅವನು ಕುರಿಗಳನ್ನು ತೋರಿಸಿದ್ದ. ಬರೀ ಕುರಿ. ಮಾತಿಲ್ಲ, ಮನುಷ್ಯರಿಲ್ಲ. ಐವತ್ತಕ್ಕೆ ಹದಿನೇಳು ಬಿದ್ದಿತ್ತು; ಪಾಸಾಗಲು ಇಪ್ಪತ್ತು ಬೇಕು. ಅವನಿಗೆ ಇದು ಕೊನೆಯ ಅವಕಾಶ.

ಅಂಕ ಹಾಕಿದವಳು ಅವಳೇ. ಆದರೂ ದಾರಿಯುದ್ದಕ್ಕೂ ಅದೇ ಕೊರೆಯುತ್ತಿತ್ತು. ಕಾಡಸಿದ್ದ ನೂಲ ಎಂಬ ಹಳ್ಳಿಯವನು; ಅವಳ ಹುಟ್ಟೂರೂ ಅದೇ. ಅವನದೂ ಕುರಿ ಕಾಯುವ ಮನೆತನ, ಅವಳದೂ. ಅವಳೂ ಇದೇ ಸಂಜೆ ಕಾಲೇಜಿನ ಬೆಂಚಿನ ಮೇಲೆ ಕೂತು ಓದಿ ಬಂದವಳು. ತಮ್ಮವನೆಂದು ಕೈ ಸಡಿಲ ಬಿಟ್ಟಳು ಅಂದಾರೆಂದು ಹೆದರಿ ಕೈ ಬಿಗಿ ಹಿಡಿದಳೋ, ಚಿತ್ರದಲ್ಲಿ ನಿಜಕ್ಕೂ ಏನೂ ಇರಲಿಲ್ಲವೋ? ಮೂರು ಸಲ ನೋಡಿದ್ದಳು. ‘ಕುತೂಹಲ’ ಎಂಬ ಕಲಮಿಗೆ ಹತ್ತಕ್ಕೆ ಎರಡು ಬರೆದಿದ್ದಳು.

ಚಹಾ ಕುಡಿಯುತ್ತ ನಾಲ್ಕನೆಯ ಸಲ ಮೊಬೈಲಿನಲ್ಲಿ ಹಚ್ಚಿದಳು. ಪಕ್ಕದಲ್ಲಿ ತಾಯಿ ತಾರವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೂವತ್ತು ವರ್ಷ ಕುರಿಯ ಹಿಂದೆ ತಿರುಗಿ, ಮೊಣಕಾಲು ಹೋದ ಮೇಲೆ ಮಗಳ ಹತ್ತಿರ ಬಂದವಳು. ಇಣುಕಿ ನೋಡಿ, ಚಲೋ ಮೇದಾವ ಎಂದು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. ಎರಡನೆಯ ಸಲ ಇಣುಕಿದಾಗ ಕೈ ನಿಂತಿತು.

“ನಾಯಿ ಎಲ್ಲೈತಿ?”

“ಯಾವ ನಾಯಿಬೇ?”

“ಕುರಿ ಎಲ್ಲಾ ಒಮ್ಮೆಲೆ ಮೆಲಕ ಹಾಕೂದು ಬಿಟ್ಟಾವ ನೋಡವಾ. ಮಾರಿ ಒಂದ ಕಡೆ ತಿರಗ್ಯಾವ. ತ್ವಾಳ ಬಂದೈತಿ. ನಾಯಿ ಯಾಕ ಒದರಾಕತ್ತಿಲ್ಲ?”

ಅಷ್ಟರಲ್ಲಿ ಪರದೆ ಕಪ್ಪಾಯಿತು. ತಾರವ್ವ ಮುಂದಿನದು ಹಚ್ಚು ಎಂದಳು. ಮುಂದಿಲ್ಲ, ಅವನು ಮಾಡಿದ್ದೇ ಇಷ್ಟು ಎಂದಳು ಮಗಳು.

“ಇಷ್ಟಕ್ಕ ಬಿಟ್ಟಾನ? ಎಂಥಾ ಖೋಡಿ ಅದಾನವಾ ಅಂವ.”

ಉಜ್ವಲಾ ಐದನೆಯ ಸಲ ನೋಡಿದಳು. ಒಂದು ಕುರಿಯ ದವಡೆ ನಿಂತಿತು, ಆಮೇಲೆ ಪಕ್ಕದ್ದು, ಆಮೇಲೆ ಎಲ್ಲವೂ. ಚಹಾ ಆರಿಹೋಯಿತು.

ಇಚಲಕರಂಜಿಯಲ್ಲಿದ್ದ ದೀಪಕ ಸರ್‌ಗೆ ಫೋನು ಮಾಡಿದಳು. ಅವರು ಜೊತೆ ಪರೀಕ್ಷಕರು. ತಿದ್ದುಪಡಿಗೆ ಇಬ್ಬರ ಸಹಿಯೂ ಬೇಕು, ಅದೂ ನಾಳೆ ಹತ್ತರೊಳಗೆ. ಅವರ ದನಿಯಲ್ಲೂ ದಿನವಿಡೀ ಅಂಕ ಹಾಕಿದ ದಣಿವಿತ್ತು. ಎಲ್ಲ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು.

“ಪ್ರೇಕ್ಷಕರಂದ್ರ ನಿಮ್ಮವ್ವ ಒಬ್ಬಾಕಿನೇನ್ರಿ ಮ್ಯಾಡಂ? ಜಾಊ ದ್ಯಾ, ಬಿಟ್ಟಬಿಡ್ರಿ.”

ಕುರಿಗಳ ನಡುವೆಯೇ ಬೆಳೆದ ಅವಳಿಗೇ ಕಂಡಿರಲಿಲ್ಲ, ಉಳಿದವರಿಗೆ ಹೇಗೆ ಕಂಡೀತು? ಆದರೂ ಫೋನು ಇಡಲಿಲ್ಲ.

“ನಂಗ ಕಾಣಲಿಲ್ರಿ ಸರ್. ಅದಕ್ಕ ಅಂವ ಯಾಕ ನಪಾಸ ಆಗಬೇಕು?”

ಮರುದಿನ ಮೊದಲ ಬಸ್ಸಿಗೇ ಹೊರಟಳು. ಸ್ಟಾಫ್ ರೂಮಿನಲ್ಲಿ ದೀಪಕ ಸರ್ ಎರಡು ಸಲ ನೋಡಿದರು. ಎರಡನೆಯ ಸಲ ನೋಡುವಾಗ ಕನ್ನಡಕ ಒರೆಸಿಕೊಂಡರು. ಮುಂದಿನ ವರ್ಷ ನಿಮ್ಮವ್ವನನ್ನೇ ಪರೀಕ್ಷಕಿ ಮಾಡೋಣ, ನಿಮಗೆ ಬಸ್ಸಿನ ತ್ರಾಸಾದರೂ ತಪ್ಪೀತು ಎಂದು ಚುಚ್ಚಿ, ಸಹಿ ಹಾಕಿದರು. ‘ಕುತೂಹಲ’ದ ಎರಡು ಎಂಟಾಯಿತು, ಹದಿನೇಳು ಇಪ್ಪತ್ತಮೂರಾಯಿತು. ಷರಾ ಬರೆಯುವ ಜಾಗದಲ್ಲಿ ಅವಳು, ‘ಹಿಂಡಿಗೆ ನಾಯಿ ಇತ್ತೆಂದು ಮೊದಲೇ ತೋರಿಸಬೇಕಿತ್ತು’ ಎಂದು ಬರೆದಳು. ಪಟ್ಟಿ ಆಫೀಸಿನ ಒಳಗೆ ಹೋದ ಮೇಲೆ, ಐದು ಕೊಟ್ಟಿದ್ದರೂ ಪಾಸಾಗುತ್ತಿದ್ದ, ಎಂಟು ಹೆಚ್ಚಾಯಿತೇನೋ ಎನ್ನಿಸತೊಡಗಿತು.

ಸಂಜೆ ಮನೆಗೆ ಬಂದಾಗ ತಾರವ್ವ ಬಾಗಿಲಲ್ಲೇ ಇದ್ದಳು.

“ನಾಯಿಗೇನಾಗಿತ್ತಂತ? ಕೇಳಿದೇನು?”

ಉಜ್ವಲಾ ಚಪ್ಪಲಿ ಕಳೆಯದೆ ಕಟ್ಟೆಯ ಮೇಲೆ ಕೂತಳು. ಅದನ್ನು ಅವಳು ಕಾಡಸಿದ್ದನ ಹತ್ತಿರ ಕೇಳಿರಲೇ ಇಲ್ಲ.