ತಲೆ ಎತ್ತಿದರೆ ರಿಜೆಕ್ಟ್

“ಏಯ್ ಮುದುಕಿ, ತಲೆ ಎತ್ತಬೇಡ ಅಂತ ಇನ್ನೆಷ್ಟ್ ಸಲ ಬೊಗಳ್ಬೇಕು ನಾನು? ನನ್ ಮುಖ ಬಂತು ಫೋನಲ್ಲಿ. ಹೋಯ್ತು, ರಿಜೆಕ್ಟ್!”

ಬೈದವನು ಕಶ್ಯಪ್, ಬೈಸಿಕೊಂಡವಳು ಲಕ್ಕಮ್ಮ. ಧನುರ್ಮಾಸವಾದ್ದರಿಂದ ಚಾಮರಾಜಪೇಟೆಯ ಆ ಛತ್ರದಲ್ಲಿ ಮದುವೆಗಳಿರಲಿಲ್ಲ; ಊಟದ ಹಜಾರವನ್ನು ಕಶ್ಯಪ್ ಬಾಡಿಗೆಗೆ ಹಿಡಿದಿದ್ದ. ಎಲೆ ಹಾಕಬೇಕಾದ ಉದ್ದನೆಯ ಮೇಜುಗಳ ಮೇಲೆ ನೆನೆಸಿದ ಅವರೆಕಾಳಿನ ಬೋಗುಣಿಗಳು. ಎರಡೂ ಬದಿಗೆ ಹೆಂಗಸರು. ಒಬ್ಬೊಬ್ಬಳ ಹಣೆಗೂ ಪಟ್ಟಿ ಬಿಗಿದು ಸಿಕ್ಕಿಸಿದ ಫೋನು, ಮದುವಣಗಿತ್ತಿಯ ಬಾಸಿಂಗದ ಹಾಗೆ. ಕಾಳು ಹಿದುಕುವ ಬೆರಳುಗಳನ್ನು ಆ ಫೋನುಗಳು ನೋಡಬೇಕು. ನೋಡಿದ್ದನ್ನು ಆಗಿಂದಾಗಲೇ ಕಳಿಸಿ, ಎಲ್ಲೋ ಪರದೇಶದಲ್ಲಿ ತಯಾರಾಗುತ್ತಿದ್ದ ರೋಬೋಟಿಗೆ ಕಲಿಸಬೇಕು. ಯಾರ ಮುಖವೂ ಚಿತ್ರದಲ್ಲಿ ಬರಕೂಡದೆಂದು ಗಿರಾಕಿಯ ಕಟ್ಟಪ್ಪಣೆ. ಅದಕ್ಕೇ ಬೆಳಗಿನಿಂದ ಸಂಜೆಯವರೆಗೆ ಎಲ್ಲರೂ ತಲೆ ತಗ್ಗಿಸಿಯೇ ಕೂರಬೇಕು.

ತಲೆ ತಗ್ಗಿಸುವುದರಲ್ಲಿ ಯಮುನಾಳನ್ನು ಮೀರಿಸುವವರಿರಲಿಲ್ಲ. ಅವಳ ಒಂದು ಕ್ಲಿಪ್ಪೂ ರಿಜೆಕ್ಟ್ ಆದದ್ದಿಲ್ಲ. ಬಿಸಿಎ ಮುಗಿಸಿ ಕಂಪನಿ ಸೇರಿದ್ದ ಹುಡುಗಿ. ಮೊದಮೊದಲು ತಾನೇ ಕೋಡ್ ಬರೆದಳು. ಆಮೇಲೆ, “ಎಐ ಬರೆಯತ್ತೆ, ನೀನು ಸರಿ ಇದ್ಯಾ ನೋಡು ಸಾಕು” ಅಂದರು. ಆಮೇಲೆ ನೋಡುವುದನ್ನೂ ಅದೇ ಕಲಿತುಬಿಟ್ಟಿತು. ಕೆಲಸ ಬಿಡಿಸಿದ ದಿನವೂ ಕಾರಣ ಕೇಳದೆ, ತಲೆ ತಗ್ಗಿಸಿಕೊಂಡೇ ಬ್ಯಾಗು ಹೆಗಲಿಗೇರಿಸಿ ಬಂದಿದ್ದಳು. ಈಗ ಅವಳಮ್ಮ ಬೀದಿಗೆಲ್ಲ ಸಾರುತ್ತಿದ್ದಳು: “ನಮ್ಮುಡ್ಗಿ ಎಐನಲ್ಲೇ ಕೆಲ್ಸ ಮಾಡೋದು!” ಸುಳ್ಳಂತೂ ಅಲ್ಲ.

ಕಶ್ಯಪ್ ಲಕ್ಕಮ್ಮನ ಕೈಯನ್ನು ಸತ್ತ ಹಲ್ಲಿಯನ್ನು ಎತ್ತುವವನ ಹಾಗೆ ಎತ್ತಿದ. ಮೊಣಕೈವರೆಗೂ ಹಸಿರು ಹಚ್ಚೆ.

“ಕರ್ರಗಿರೋದಲ್ದೆ ಮೇಲೆ ಗೀಚ್ಕೊಂಡಿರೋದ್ ಬೇರೆ. ಕೈ ಯಾವ್ದು ಸಗಣಿ ಯಾವ್ದು ಗೊತ್ತಾಗಲ್ಲ ಅಂತ ಕಸ್ಟಮರ್ ಮೇಲ್ ಹಾಕಿದಾನೆ. ತಗೋ, ಗ್ಲೌಸ್ ಹಾಕ್ಕೊಂಡ್ ಹಿದುಕು. ಆಗ್ಲಿಲ್ವಾ, ನಾಳೆಯಿಂದ ಬರ್ಬೇಡ.”

“ಬರ್ಬ್ಯಾಡ ಅಂದ್ರೆ ಎಲ್ಲೋಗ್ಲಿ ಸಾಮಿ? ಬೇಳೆ ಅಂಗ್ಡಿಯೋರು ಕಾಳ್ ಇದುಕೋ ಮಿಸನ್ ತಂದು ನನ್ನ ಓಡ್ಸುದ್ರು. ಮಿಸನ್‌ಗೇ ಕಲ್ಸೋ ಕೆಲ್ಸ ಅಂತ ಇಲ್ಲಿಗ್ ಬಂದೆ. ಇಲ್ಲಿಂದ್ಲೂ ಓಡುಸ್ತೀಯಾ?”

“ಬಾಯ್ ಮುಚ್ಕೊಂಡ್ ಹಾಕ್ಕೋ.”

ಬಿಳಿ ರಬ್ಬರಿನ ಗ್ಲೌಸು. ನೆನೆದ ಕಾಳು ಮೊದಲೇ ಮೀನಿನಂತೆ ಜಾರುವ ಜಾತಿ. ಲಕ್ಕಮ್ಮ ಹೆಬ್ಬೆರಳು ಒತ್ತಿದಳು. ಬೇಳೆ ಬೋಗುಣಿಗೆ ಬೀಳಲಿಲ್ಲ. ಸಿಪ್ಪೆಯಿಂದ ಪುಸಕ್ಕನೆ ಚಿಮ್ಮಿ ಕಶ್ಯಪನ ಕನ್ನಡಕಕ್ಕೆ ಟಪ್ಪೆಂದು ಬಡಿಯಿತು.

ಎದುರು ಕೂತಿದ್ದ ಮಾಧವಿಯ ಮೂಗಿನಿಂದ ಪ್ರೆಷರ್ ಕುಕ್ಕರಿನ ಸದ್ದು ಹೊರಟಿತು.

“ಬೇಕಂತ್ಲೇ ಹೊಡಿತೀಯೇನೇ ಬೇವರ್ಸಿ ಮುಂಡೆ!” ಕಶ್ಯಪ್ ಲಕ್ಕಮ್ಮನ ಹಣೆಪಟ್ಟಿಗೆ ಕೈ ಹಾಕಿ ಎಳೆದ. ಫೋನಿನ ಜೊತೆ ಅವಳ ಚವುರಿಯೂ ಕಿತ್ತು ಬಂತು. ದಪ್ಪ ತುರುಬಿದ್ದ ಜಾಗದಲ್ಲಿ ನೆಲ್ಲಿಕಾಯಿಯಷ್ಟು ಬಿಳಿಗೂದಲ ಗಂಟು ಉಳಿಯಿತು. ಕಶ್ಯಪ್ ಫೋನನ್ನು ಮೇಜಿಗೆ ಕುಕ್ಕಿ, ಚವುರಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಥೂ! ಏನಿದು, ಹೆಗ್ಗಣಾನಾ?”

“ಕೊಡಪ್ಪಾ ನನ್ ಚವ್ರೀಯ,” ಲಕ್ಕಮ್ಮ ಸೆರಗನ್ನು ತಲೆಗೆಳೆದುಕೊಂಡಳು.

“ಕೈ ಮುಗ್ದು ಕೇಳು.”

ಯಮುನಾಳಿಗೆ ಯಾವ ಮುಖವೂ ಕಾಣುತ್ತಿರಲಿಲ್ಲ. ಬೋಗುಣಿಯ ಅಂಚಿನಾಚೆ, ಒಂದನ್ನೊಂದು ಕೂಡುತ್ತಿದ್ದ ಎರಡು ಬಿಳಿ ರಬ್ಬರ್ ಕೈಗಳು ಮಾತ್ರ ಕಂಡವು. ಅಳು ಬರುತ್ತದೆಂದುಕೊಂಡಳು. ಬಂದದ್ದು ನಗು.

ತಲೆ ಎತ್ತಿದಳು. ಕತ್ತು ಲಟಕ್ಕೆಂದಿತು.

“ಯಮುನಾ, ತಲೆ! ತಲೆ! ರಿಜೆಕ್ಟ್ ಆಗತ್ತೆ!”

“ಆಗ್ಲಿ ಸರ್.”

ಬೋಗುಣಿಗೆ ಬೆರಳು ಹಾಕಿ ದಪ್ಪನೆಯದೊಂದು ಕಾಳು ಆರಿಸಿ, ಅವನ ಮುಖವನ್ನೇ ನೋಡುತ್ತ ಹಿದುಕಿದಳು. ಟಪ್! ಮೂಗಿನ ತುದಿ.

ಮಾಧವಿ ತಲೆ ಎತ್ತಿದಳು. ಅವಳ ಪಕ್ಕದವಳು ಎತ್ತಿದಳು. ಸಾಲು ಸಾಲೇ ಎತ್ತಿತು. ಇಷ್ಟು ದಿನ ಎದುರುಬದುರು ಕೂತವರು ಈಗಷ್ಟೇ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದು. ಹಣೆಗೆ ಫೋನು ಕಟ್ಟಿಕೊಂಡು ಗಂಡಿಲ್ಲದೆ ಕೂತಿರುವ ಛತ್ರದ ತುಂಬ ಮದುಮಕ್ಕಳು! ನಗು ಒಡೆದುಕೊಂಡಿತು.

“ಸರ್, ಮುಖ ಸೂಪರಾಗ್ ಬರ್ತಿದೆ, ಒಂಚೂರು ನಗಿ!” ಸಾಲಿನಿಂದೊಬ್ಬಳು ಕೂಗಿದಳು.

“ಅಯ್ಯೋ, ಲೈವ್ ಹೋಗ್ತಿದೆ ಕಣ್ರೇ ಅಲ್ಲಿಗೆ! ಎಲ್ಲಾ ಹಾಳಾಯ್ತಲ್ರೇ, ಕತ್ತೆಗಳಾ!”

“ಹೋಗ್ಲಿ ಬಿಡಿ ಸರ್, ನಾಳೆಯಿಂದ ಆ ರೋಬೋಟು ಓನರ್ ಮುಖ ಕಂಡ್ರೆ ಸಾಕು, ಕಾಳ್ ಹೊಡೆಯತ್ತೆ!” ಮಾಧವಿ ಹೇಳಿ ಮುಗಿಸುವಷ್ಟರಲ್ಲಿ ಟಪ್, ಟಪ್, ಟಪಟಪ. ಬೇಳೆ ಕಿವಿಗೆ ಬಿತ್ತು, ಜೇಬಿಗೆ ಬಿತ್ತು, ಬೈಯಲು ತೆರೆದ ಬಾಯಿಗೂ ಬಿತ್ತು. ಓಡಲು ಹೋದ ಕಶ್ಯಪ್ ಸಿಪ್ಪೆಯ ಮೇಲೆ ಜಾರಿ ಗೋಡೆಗೆ ಒರಗಿಕೊಂಡ. ಮುಖ ಮುಚ್ಚಿಕೊಳ್ಳಲು ಕೈಯಲ್ಲಿದ್ದದ್ದು ಚವುರಿಯೊಂದೇ. ಅದನ್ನೇ ಮುಖಕ್ಕೆ ಅಡ್ಡ ಹಿಡಿದ.

“ತಡೀರೇ, ತಡೀರೇ,” ಅಂದಳು ಲಕ್ಕಮ್ಮ.

ಗ್ಲೌಸು ಸುಲಿದು ಎಸೆದಳು. ಸೆರಗು ಹೆಗಲಿಗೆ ಜಾರಿತು, ಎಳೆದುಕೊಳ್ಳಲಿಲ್ಲ. ತೆಳುಗೂದಲ ತಲೆಯನ್ನು ಯಮುನಾಳ ಮುಂದೆ ಬಗ್ಗಿಸಿದಳು.

“ನಂಗೂ ಕಟ್ಟವ್ವಾ ಆ ಫೋನ. ಈ ಕೈನೂ ನೋಡ್ಲಿ ಅದು.”

ಯಮುನಾ ಪಟ್ಟಿ ಬಿಗಿದಳು. ಕೆಂಪು ದೀಪ ಹತ್ತಿತು. ಲಕ್ಕಮ್ಮ ಹಚ್ಚೆಯ ಕೈಯನ್ನು ಬೋಗುಣಿಯಲ್ಲಿ ಮುಳುಗಿಸಿ, ಒಂದು ಕಾಳನ್ನು ಹೆಬ್ಬೆರಳಿಗೆ ತಂದುಕೊಂಡು, ಒಂದು ಕಣ್ಣು ಮುಚ್ಚಿದಳು.

“ಚವ್ರಿ ಇಳ್ಸೋ ಮಗಾ.”