ಜೀನಗಾರನ ಮಗಳ ಬೆಕ್ಕು

ತಂಗಡಿ ತೊಗಟೆಯಲ್ಲಿ ನೆನೆದ ಚರ್ಮದ ಒಗರು ವಾಸನೆ ತವರಿನ ಹೊಸ್ತಿಲಲ್ಲೇ ಮೂಗಿಗೆ ತಾಗಿತು. ಚಿಕ್ಕಂದಿನಲ್ಲಿ ಪರಕಾರ ಉಟ್ಟುಕೊಂಡು ಅಪ್ಪನ ಪಕ್ಕ ಕೂತು ದಾರಕ್ಕೆ ಮೇಣ ತಿಕ್ಕುತ್ತಿದ್ದ ದಿನಗಳ ವಾಸನೆ ಅದು. ರುಕ್ಮಿಣಿಬಾಯಿ ಕಂಕುಳಲ್ಲಿದ್ದ ಗಂಟು ಇಳಿಸುವುದನ್ನೂ ಮರೆತು ಎದೆ ತುಂಬ ಉಸಿರೆಳೆದುಕೊಂಡಳು.

ಕುದುರೆಯ ಜೀನು, ಲಗಾಮು ಹೊಲಿಯುವುದರಲ್ಲಿ ಅವಳ ಅಪ್ಪ ಮಾರುತಿಯ ಕೈ ಹುಮನಾಬಾದಿನಲ್ಲೆಲ್ಲ ಹೆಸರಾಗಿತ್ತು. ನಿಜಾಮರ ಸವಾರರು ಹೋದ ಮೇಲೆ ಟಾಂಗಾದವರ ಹರಿದ ಪಟ್ಟಿಗಳಷ್ಟೇ ಅವನ ಕೈಗೆ ಬರುತ್ತಿದ್ದವು. ಹೀಗಾಗಿ ಮಗಳು ಹೊಸ ಕೊರಳಪಟ್ಟಿ ಬೇಕೆಂದಾಗ ಮುದುಕನ ಮುಖ ಅರಳಿತು.

"ಯಾವ ಕುದುರಿಗವ್ವಾ? ಕರೀದೋ, ಬಿಳೀದೋ?"

"ಬೆಕ್ಕಿಗಪ್ಪಾ."

ಮಾರುತಿ ಉಳಿ ಕೆಳಗಿಟ್ಟ. "ನಮ್ಮಪ್ಪ ಇದ್ದಿದ್ರ ನಿನ್ನನ್ನೂ ನನ್ನನ್ನೂ ಕೂಡೇ ಹೊರಗ ಹಾಕ್ತಿದ್ದ!"

ರುಕ್ಮಿಣಿಬಾಯಿ ನಗಲಿಲ್ಲ. ಕಲ್ಯಾಣ ಪಟ್ಟಣಕ್ಕೆ ಸೊಸೆಯಾಗಿ ಹೋದ ಹೊಸತರಲ್ಲಿ, ಗುರುತಿಲ್ಲದ ಆ ಮನೆಯಲ್ಲಿ, ತಾನಾಗಿ ಬಂದು ಅವಳ ತೊಡೆಯೇರಿದ್ದು ಸಕ್ಕರಿ ಎಂಬ ಆ ಬೆಕ್ಕು. ಈಗ ಅದಕ್ಕೆ ಪಕ್ಕದ ಮನೆಯ ಅಕ್ಬರಿಯ ಕೋಳಿಮರಿಗಳ ರುಚಿ ಹತ್ತಿತ್ತು. "ಕೊರಳಿಗೆ ಗೆಜ್ಜಿ ಕಟ್ಟು, ಬೇಟಿ. ಇನ್ನೊಂದು ಮರಿ ಹೋಯ್ತಂದ್ರ ನಿನ್ನ ಬಿಲ್ಲಿನ್ನ ಚೀಲದಾಗ ತುಂಬಿ ಮೋರಖಂಡಿ ಹೊಲದಾಗ ಬಿಟ್ಟು ಬರ್ತೀನಿ" ಎಂದು ಅಕ್ಬರಿ ಗೋಡೆಯಾಚೆಯಿಂದ ಹೇಳಿದ್ದಳು. ಅಂದದ್ದನ್ನು ಮಾಡುವ ಹೆಂಗಸು ಅವಳು.

ವಿಷಯ ಕೇಳಿದ ಮೇಲೆ ಮಾರುತಿ ಪೆಟ್ಟಿಗೆ ತೆರೆದ. ಮೊದಲು ಹಿತ್ತಾಳೆ ಹೂ ಕೂರಿಸಿದ ಕೆಂಪು ಮಖಮಲ್ಲಿನ ಪಟ್ಟಿ ಬಂತು.

"ಇದನ್ನ ಹಾಕಿದ್ರ ಸಕ್ಕರಿ ನಡಿಯಂಗಿಲ್ಲ, ಮೆರವಣಿಗಿ ಹೊಂಡ್ತದ" ಎಂದಳು ಮಗಳು. ಎತ್ತಿನ ಚರ್ಮವನ್ನು ಬಗ್ಗಿಸಿ ನೋಡಿ ದಪ್ಪವೆಂದು ಸರಿಸಿದಳು. ಕೊನೆಗೆ ಹಳೆಯ ಲಗಾಮಿನ ಒಳಪದರಕ್ಕಿದ್ದ ಆಡಿನ ತೊಗಲು ಅವಳ ಕೈಗೆ ಹಿತವೆನಿಸಿತು. ಕಿರುಬೆರಳಿನಷ್ಟು ಅಗಲ, ಒಳಗೆ ಬೆರಳೊಂದು ತೂರುವಷ್ಟು ಸಡಿಲ, ಕಡಲೆಕಾಳಿನಷ್ಟು ದೊಡ್ಡ ಗೆಜ್ಜೆ.

ಮೇಣ ತಿಕ್ಕಿದ ಎರಡೆಳೆ ದಾರ ಎಳೆದು ಬಿಗಿಯುತ್ತ ಮಾರುತಿ ಹೇಳಿದ: "ಹೊಲಿಗಿ ಮಾತ್ರ ನಂದು. ಬೆಕ್ಕಿಗೆ ಮುಪ್ಪು ಬಂದ್ರೂ ಇದು ಹರಿಯಂಗಿಲ್ಲ."

ಕಲ್ಯಾಣಕ್ಕೆ ಮರಳಿ ಪಟ್ಟಿ ಕಟ್ಟಿದ ಕೂಡಲೇ ಸಕ್ಕರಿ ಹಿಂದಹಿಂದಕ್ಕೆ ನಡೆದು ಕೊಡಪಾನಕ್ಕೆ ಹಾಯ್ದು, ಉರುಳಿ, ಕಣಜದ ಕೆಳಗೆ ಸೇರಿತು. "ನೀ ಸೊಸಿಯಾಗಿ ಬಂದಾಗೂ ಇಷ್ಟು ಹಟ ಮಾಡಿದ್ದಿಲ್ಲ" ಎಂದು ಗಂಡ ನಾಗನಾಥ ನಕ್ಕ.

ಹೊಸ ಲಗಾಮನ್ನು ಅಪ್ಪ ಎಂದೂ ನೇರ ಕುದುರೆಗೆ ಏರಿಸುತ್ತಿರಲಿಲ್ಲ. ಮೊದಲು ಅದು ತಿನ್ನುವ ಹುರುಳಿ ಚೀಲದ ಪಕ್ಕ ತೂಗುಹಾಕಿ ವಾಸನೆ ರೂಢಿ ಮಾಡಿಸುತ್ತಿದ್ದ. ರುಕ್ಮಿಣಿಬಾಯಿ ಅದನ್ನು ನೆನೆದು ಪಟ್ಟಿಯನ್ನು ಬಿಚ್ಚಿ ಹಾಲಿನ ಬಟ್ಟಲಿನ ಪಕ್ಕದಲ್ಲಿಟ್ಟಳು. ಸಕ್ಕರಿ ಮೂಸಿತು, ಅದರ ಮೇಲೇ ಮಲಗಿತು. ಆಮೇಲೆ ಹಾಲು ಕುಡಿಯುವಷ್ಟು ಹೊತ್ತು ಕಟ್ಟಿ, ಬಟ್ಟಲು ಬರಿದಾಗುವ ಮೊದಲೇ ಬಿಚ್ಚತೊಡಗಿದಳು. ಬರಬರುತ್ತ ಬಿಚ್ಚಿದ್ದೂ ಕಟ್ಟಿದ್ದೂ ಅದಕ್ಕೆ ಒಂದೇ ಆಯಿತು. ಗೆಜ್ಜೆಯ ಸದ್ದಿಗೆ ಕೋಳಿಮರಿಗಳು ತಾಯಿಯ ರೆಕ್ಕೆಯೊಳಗೆ ಓಡುವುದನ್ನು ಕಂಡು ಅಕ್ಬರಿ, "ನವಾಬರ ಸವಾರಿ ಬಂತು!" ಎಂದು ಅಣಕಿಸಿದಳು.

ಒಂದು ಮಧ್ಯಾಹ್ನ ಅಕ್ಬರಿಯ ಕಟ್ಟಿಗೆ ಒಟ್ಟಿಲಿನಿಂದ ಗೆಜ್ಜೆ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ರುಕ್ಮಿಣಿಬಾಯಿ ಓಡಿ ಹೋಗುವಷ್ಟರಲ್ಲಿ ಅಕ್ಬರಿ ಒಟ್ಟಿಲು ಹತ್ತಿದ್ದಳು. ಕೊರಳಪಟ್ಟಿ ಒಂದು ಕೊಂಬೆಗೆ ಸಿಕ್ಕಿ ಸಕ್ಕರಿ ಜೋತಾಡುತ್ತಿತ್ತು. ಅಕ್ಬರಿ ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಇನ್ನೊಂದರಲ್ಲಿ ಕುಡುಗೋಲಿನಿಂದ ಹೊಲಿಗೆ ಕೊಯ್ಯುತ್ತಿದ್ದಳು. ಮಾರುತಿಯ ಹೊಲಿಗೆ ಸುಲಭಕ್ಕೆ ಜಗ್ಗಲಿಲ್ಲ. ಕೊನೆಗೆ ಹರಿದಾಗ ಸಕ್ಕರಿ ಅವಳ ಮೊಣಕೈತನಕ ಪರಚಿ, ಕೆಳಗೆ ಹಾರಿ, ಕೆಮ್ಮಿ, ರುಕ್ಮಿಣಿಬಾಯಿಯ ಸೆರಗಿನೊಳಗೆ ನುಗ್ಗಿತು.

"ಚೀಲದಾಗ ಹಾಕ್ತೀನಂದಾಕಿ ನೀವು... ಕೈ ನೋಡ್ರಿ, ರಕ್ತ ಬಂದದ" ಎಂದು ರುಕ್ಮಿಣಿಬಾಯಿ ಅಳತೊಡಗಿದಳು. "ಇನ್ನ ಪಟ್ಟಿ ಹ್ಯಾಂಗ ಕಟ್ಲಿ? ಕಟ್ಟದಿದ್ರ ನೀವು ಬಿಡಂಗಿಲ್ಲ."

"ಅರೇ, ಅಳಬ್ಯಾಡ. ನಿಮ್ಮಪ್ಪ ಕುದುರಿಗೆ ಹೊಲಿದ್ಹಂಗ ಹೊಲ್ದಾನ. ಕುದುರಿ ತಪ್ಪಿಸಿಕೊಂಡು ಓಡಬಾರದು. ಬಿಲ್ಲಿ ತಪ್ಪಿಸಿಕೋಬೇಕು. ಕಚ್ಚಾ ದಾರದಾಗ ಹೊಲಿ, ಸಿಕ್ಕಿದ್ರ ಹರೀಲಿ."

"ಹರದು ಗೆಜ್ಜಿ ಕಳದ್ರ? ನಿಮ್ಮ ಮರಿ?"

"ಕಳದ ದಿನ ಮರಿ ಬುಟ್ಟಿ ನಾ ಕಾಯ್ತೀನಿ ತಗೋ."

ಪಡಸಾಲೆಯಲ್ಲಿ ಕೂತು ರುಕ್ಮಿಣಿಬಾಯಿ ಹತ್ತಿಯ ಒಂಟಿ ಎಳೆಯಿಂದ ಹೊಲಿದಳು. ಅಕ್ಬರಿ ಎಳೆದಳು, ಹರಿಯಲಿಲ್ಲ. ರುಕ್ಮಿಣಿಬಾಯಿ ಬಿಚ್ಚಿ ಮತ್ತೆ ಹೊಲಿದಳು; ಈ ಸಲ ಮುಟ್ಟಿದರೇ ಕಿತ್ತು ಬಂತು. "ನಿಮ್ಮಪ್ಪ ನೋಡಿದ್ರ ಕೆಟ್ಟ ಹೊಲಿಗಿ ಅಂತ ಅಳ್ತಾನ!" ಎಂದು ಅಕ್ಬರಿ ಹೊಟ್ಟೆ ಹಿಡಿದು ನಕ್ಕಳು. ರುಕ್ಮಿಣಿಬಾಯಿಗೂ ನಗು ತಡೆಯಲಿಲ್ಲ. ಬೇಕಾದಷ್ಟೇ ಕೆಟ್ಟ ಹೊಲಿಗೆ ಕೈಗೆ ಹತ್ತುವಷ್ಟರಲ್ಲಿ ಬಿಸಿಲು ಅಂಗಳ ದಾಟಿತ್ತು, ಒಲೆ ಹೊತ್ತಿಸಿರಲಿಲ್ಲ. ಅಕ್ಬರಿ ಯಾವಾಗ ಎದ್ದು ಹೋದಳೋ ಅವಳಿಗೆ ತಿಳಿಯಲಿಲ್ಲ.

ಪರಚಿದ ಗಾಯಕ್ಕೆ ಅರಿಸಿನ ಮೆತ್ತಿದ ಕೈಯೊಂದು ಗೋಡೆಯ ಮೇಲಿಂದ ಬಂತು. ಅದರಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಲೆ ಇದ್ದ ಗಂಗಾಳ; ಅಂಚಿಗೆ ಸಣ್ಣ ಬಟ್ಟಲಲ್ಲಿ ಸಕ್ಕರಿಗೆಂದು ಹಾಲಿನಲ್ಲಿ ಕಿವುಚಿದ ರೊಟ್ಟಿ. ರುಕ್ಮಿಣಿಬಾಯಿ ಎರಡೂ ಕೈಯಿಂದ ತೆಗೆದುಕೊಂಡಳು.